ನಾನು ಹೊಡೆಯದ ಹತ್ತು ಹಂದಿಗಳು

“ಪೂಜಾ ಬಿಟ್ಟು ಕಂಪ್ಯೂಟರಿನ್ಯಾಗ ಹಂದಿ ಹೊಡಕೋತ ಕೂತಾ. ವರಾಹದೇವ್ರು ಸುಮ್ನ ಬಿಡ್ತಾನೇನು? ವರ್ಷ ತುಂಬೂದ್ರಾಗ ಕರಕೊಂಡ ಹೋದ.”

ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ನನ್ನ ತಮ್ಮನ ಸಾವಿನ ಬಗ್ಗೆ ಇಂದಿಗೂ ಚಾಲ್ತಿಯಲ್ಲಿರುವ ಕಥೆ ಇಷ್ಟೇ. ಅವನು ಆ ಊರಿನ ಚಿಕ್ಕದೊಂದು ವಿಷ್ಣುಗುಡಿಯ ಅರ್ಚಕನಾಗಿದ್ದ. ಕಥೆಯನ್ನು ಹೇಳುವವರು ಕೆಟ್ಟವರಲ್ಲ. ಕೆಲವರು ಕಣ್ಣೊರೆಸಿಕೊಂಡೇ ಹೇಳುತ್ತಾರೆ. ಅವನು ಆಟವಾಡಿದ್ದು ನಿಜ, ಆಟದಲ್ಲಿ ಹಂದಿಗಳನ್ನು ಹೊಡೆದದ್ದೂ ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಕೊಡಬೇಕಾದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ. ಆದ್ದರಿಂದಲೇ ಇಷ್ಟು ವರ್ಷ ಬರೆಯಲಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಲಬುರಗಿಯ ಶಹಾಬಜಾರದ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದೆ. ಇತಿಹಾಸ, ತರ್ಕ, ವ್ಯಾಕರಣಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳಲ್ಲಿಯೇ ಓದಿ ಕಲಿತೆ. ಮನೆಮಾತು ಅರ್ಧ ಮರಾಠಿಯಾದ್ದರಿಂದ ಮರಾಠಿಯ ಹಳೆಯ ಮೋಡಿ ಲಿಪಿಯನ್ನೂ ಒಬ್ಬನೇ ಕೂತು ಬಿಡಿಸಿಕೊಂಡೆ. ಹೀಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಯಾರಾದರೂ ಏನಾದರೂ ಹೇಳಿದರೆ ‘ಇದಕ್ಕೆ ಕಾಗದವೇನಿದೆ?’ ಎಂದು ಕೇಳುವುದು.

ನಮ್ಮ ಗುಡಿಯ ಮೂರ್ತಿ ಮುತ್ತಜ್ಜನ ಕನಸಿಗೆ ಬಂದು, ತಾನು ಹಾಳುಬಾವಿಯಲ್ಲಿದ್ದೇನೆಂದು ಹೇಳಿ, ತಾನಾಗಿ ಮೇಲೆ ತೇಲಿತಂತೆ. ಇದು ಮನೆತನದ ಕಥೆ. ತೊಂಬತ್ತರ ದಶಕದ ನಡುವೆ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ, ಮುತ್ತಜ್ಜನೇ ಒಬ್ಬ ಶಿಲ್ಪಿಗೆ ಆ ಮೂರ್ತಿಯನ್ನು ಕೆತ್ತಿಕೊಡಲು ಹೇಳಿದ್ದ ಮೋಡಿ ಕಾಗದ ನನಗೆ ಸಿಕ್ಕಿತು. ಎಂಟು ಪುಟದ ಪುಸ್ತಿಕೆ ಬರೆದೆ, ನನ್ನ ಕೈಯಿಂದಲೇ ಮೊಳೆ ಜೋಡಿಸಿದೆ, ಹಂಚಿದೆ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಮರುವಾರದಿಂದ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಜನ ನನ್ನ ತಮ್ಮನನ್ನು ತಡೆದು, “ಏನ್ರೀ ಆಚಾರ್ರ, ನಿಮ್ಮ ದೇವ್ರು ಯಾವ ಅಂಗಡ್ಯಾಗಿಂದು?” ಎಂದು ಕೇಳತೊಡಗಿದರು.

ಅವನು ನನ್ನೊಡನೆ ಮಾತು ಬಿಟ್ಟ. ಹನ್ನೊಂದು ವರ್ಷ. ತಾಯಿಯ ಶ್ರಾದ್ಧಕ್ಕೆ ಮಾತ್ರ ನಾನು ಹೋಗುತ್ತಿದ್ದೆ. ಹಿರಿಯ ಮಗನಾಗಿ ಕರ್ಮ ಮಾಡಬೇಕಾದವನು ನಾನು, ಮಂತ್ರ ಹೇಳಿಕೊಡುವವನು ಅವನು. ಅವನು ಹೇಳಿದ್ದನ್ನು ನಾನು ತಿರುಗಿ ಹೇಳುತ್ತಿದ್ದೆ. ವರ್ಷಕ್ಕೊಮ್ಮೆ ಅವನ ಬಾಯಿಂದ ನನ್ನ ಕಡೆಗೆ ಬರುತ್ತಿದ್ದದ್ದು ಸಂಸ್ಕೃತ ಮಾತ್ರ. ಕೊನೆಯ ಪಿಂಡವಾದ ಮೇಲೆ ಅದೂ ನಿಲ್ಲುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು, ಅವನ ಹೆಂಡತಿ ಕಲಬುರಗಿಯಲ್ಲಿ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಫೋನು ಮಾಡಿದಳು.

“ಭಾವನವರ, ಅವರ ಎರಡೂ ಕಿಡ್ನಿ ಹೋಗ್ಯಾವ್ರೀ. ವಾರದಾಗ ಮೂರು ದಿವಸ ಸೇಡಂ ರಸ್ತಾದ ದವಾಖಾನಿಗೆ ಬಂದು ರಕ್ತ ಶುದ್ಧ ಮಾಡಿಸ್ಕೋಬೇಕು ಅಂದಾರ ಡಾಕ್ಟರು. ಇವರು ಒಲ್ಲೆ ಅಂತಾರ.”

“ಯಾಕ ಒಲ್ಲೆ ಅಂತಾನ?”

“ಆ ಮೂರು ದಿವಸ ಪೂಜಾ ಯಾರು ಮಾಡ್ಬೇಕು ಅಂತಾರ.”

ನನಗೆ ಅರ್ಥವಾಯಿತು. ಆ ಮೂರ್ತಿಯನ್ನು ಮುಟ್ಟುವ ಹಕ್ಕು ನಮ್ಮ ಮನೆತನದ ಗಂಡಸರಿಗೆ ಮಾತ್ರ. ಉಳಿದಿದ್ದವರು ಇಬ್ಬರೇ: ಅವನು, ಮತ್ತು ಅದು ಅಂಗಡಿಯ ಕಲ್ಲೆಂದು ಅಚ್ಚು ಹಾಕಿಸಿದ ನಾನು. “ಮೂರು ದಿನ ನಾನು ಮಾಡ್ತೇನಿ ಅಂತ ಹೇಳು,” ಎಂದೆ.

ಅವಳು ಹೇಳಿದಳು. ಅವನು ನಂಬಲಿಲ್ಲ. “ಅಂವ ಹಂಗ ಅಂದಿರೂದಿಲ್ಲ. ನನ್ನ ದವಾಖಾನಿಗೆ ಹಾಕ್ಲಿಕ್ಕೆ ನೀನ ಹುಟ್ಟಿಸಿದ ಮಾತು ಇದು,” ಅಂದನಂತೆ. ಕಾಗದ ಬರೆದೆ, ಒಡೆಯದೆ ಹಿಂದಿರುಗಿತು. ಬಸ್ಸು ಹತ್ತಿ ಹೋದೆ. ನನ್ನನ್ನು ಅಂಗಳದಲ್ಲಿ ಕಂಡವನು ಒಳಗೆ ಹೋಗಿ, ನನಗೆ ಕೇಳುವ ಹಾಗೆ ಹೆಂಡತಿಗೆ ಹೇಳಿದ: “ಹೊರಗ ಯಾರೋ ಭಕ್ತರು ಬಂದಾರ ನೋಡು. ತೀರ್ಥ ಕೊಟ್ಟು ಕಳಸು.”

ತೀರ್ಥ ತಂದುಕೊಟ್ಟವಳೇ ಬಾಗಿಲಿನ ಮರೆಯಲ್ಲಿ ನಿಂತು ಇನ್ನೊಂದು ಮಾತು ತಿಳಿಸಿದಳು. ಊರಿನಲ್ಲಿ ಹೊಸದಾಗಿ ತೆರೆದ ಕಂಪ್ಯೂಟರ್ ಸೆಂಟರಿನಲ್ಲಿ ಅವನು ದಿನವೂ ಮಧ್ಯಾಹ್ನ ಕೂರುತ್ತಾನೆ. ಕತ್ತಿ, ಮಂತ್ರ, ರಾಕ್ಷಸರಿರುವ ಒಂದು ಆಟ. ಊರೂರಿನ ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಓಡಾಡುತ್ತಾರಂತೆ. ಅವನು ಅಲ್ಲಿ ಒಂದು ಸೇತುವೆಯ ಬಳಿ ನಿಂತು, ಹೊಸದಾಗಿ ಬಂದವರಿಗೆ ರೊಟ್ಟಿ, ಗುರಾಣಿ ಕೊಟ್ಟು ದಾರಿ ತೋರಿಸುತ್ತಾನಂತೆ.

“ಅಲ್ಲಿ ಎಲ್ಲಾರ ಜೋಡಿ ಮಾತಾಡ್ತಾರ್ರೀ. ಮನ್ಯಾಗ ನನ್ನ ಜೋಡೀನೂ ಇಷ್ಟು ಮಾತಿಲ್ಲ,” ಎಂದಳು. ಅವನು ಅಲ್ಲಿ ಇಟ್ಟುಕೊಂಡಿದ್ದ ಹೆಸರನ್ನು ಸೆಂಟರು ನಡೆಸುವ ಹೆಣ್ಣುಮಗಳಿಂದ ಬರೆಸಿಕೊಂಡು ಬಂದು ನನಗೆ ಕೊಟ್ಟಳು.

ಹಾಗೆ, ಐವತ್ತೆಂಟನೆಯ ವಯಸ್ಸಿನಲ್ಲಿ, ಸೇಡಂ ರಸ್ತೆಯ ಒಂದು ಇಂಟರ್‌ನೆಟ್ ಅಂಗಡಿಯ ಮೆಟ್ಟಿಲು ಹತ್ತಿದೆ. ನಡೆಸುತ್ತಿದ್ದವರು ನಲವತ್ತು ದಾಟಿದ ಒಬ್ಬ ಮುಸಲ್ಮಾನ ಗೃಹಸ್ಥರು. ನಾನು ಕೇಳಿದ್ದನ್ನು ಕೇಳಿ ಕನ್ನಡಕ ಮೇಲೆ ಮಾಡಿ ನೋಡಿದರು.

“ನೀವ್ ಆಡ್ತೀರೇನ್ರೀ ಕಾಕಾ? ಬರ್ರಿ, ಕೂಡ್ರಿ. ಮೊದಲು ಜಾತಿ ಆರಿಸ್ರಿ.”

“ಅಲ್ಲೂ ಜಾತಿ ಅದ?”

“ಅದರಿ. ಮನುಷ್ಯ, ಕುಳ್ಳ, ಚೂಪ ಕಿವಿಯವ. ಸರ್ಟಿಫಿಕೇಟ್ ಏನೂ ಕೇಳೂದಿಲ್ಲ.”

ಮನುಷ್ಯನನ್ನು ಆರಿಸಿದೆ. ಕಸುಬಿನಲ್ಲಿ ವೈದ್ಯನಾದೆ. ನನ್ನ ಹೆಸರು ಹಾಕಿದರೆ, ಆ ಹೆಸರಿನವನು ಆಗಲೇ ಇದ್ದಾನೆಂದು ಯಂತ್ರ ಹೇಳಿತು. ಕೊನೆಗೆ ‘ಕಾಕಾ’ ಎಂದು ಹಾಕಿ, ಮುಂದೆ ಒಂದು ಅಂಕಿ ಸೇರಿಸಿ, ಅವರೇ ನನ್ನನ್ನು ಆ ಲೋಕಕ್ಕೆ ಇಳಿಸಿದರು. ಹುಲ್ಲು ಹೊದಿಸಿದ ನಾಲ್ಕು ಮನೆ, ಒಂದು ಬಾವಿ, ಒಂದು ಹೊಲ. ಮೊದಲ ಅರ್ಧ ಗಂಟೆ ನನ್ನ ಮನುಷ್ಯ ಗೋಡೆಗೆ ಮುಖವಿಟ್ಟು ನಡೆಯುತ್ತಲೇ ಇದ್ದ. ಮೌಸನ್ನು ಎಷ್ಟು ಎಳೆದರೂ ತಿರುಗಲಿಲ್ಲ. ನನ್ನ ಸುತ್ತ ಅಪರಿಚಿತರು ಹಾರುತ್ತ, ಕುಣಿಯುತ್ತ, ಬೆಂಕಿ ಉಗುಳುತ್ತ ಹಾದುಹೋದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಹಿಂದೆಂದೂ ನಿಂತದ್ದಿಲ್ಲ.

ಸೇತುವೆ ಊರ ಹೊರಗಿನ ಹೊಳೆಯ ಮೇಲಿತ್ತು. ಅಲ್ಲಿಗೆ ಹೋಗುವ ದಾರಿಯ ಬಾಗಿಲು ಐದನೆಯ ಮಟ್ಟ ಮುಟ್ಟಿದವರಿಗೆ ಮಾತ್ರ ತೆರೆಯುತ್ತಿತ್ತು. ಮಟ್ಟ ಏರಬೇಕಾದರೆ ಊರ ಗೌಡ ಹೇಳಿದ ಕೆಲಸ ಮಾಡಬೇಕು. ಗೌಡನ ಹತ್ತಿರ ಹೋಗಿ ನಿಂತೆ. ಅವನು ಕೊಟ್ಟ ಮೊದಲ ಕೆಲಸ: ಹೊಲಕ್ಕೆ ನುಗ್ಗಿದ ಹತ್ತು ಕಾಡುಹಂದಿಗಳನ್ನು ಕೊಲ್ಲು.

ಹೊಲಕ್ಕೆ ಹೋದೆ. ಹಂದಿಯೊಂದು ನೆಲವನ್ನು ಮೂತಿಯಿಂದ ಎತ್ತುತ್ತಿತ್ತು. ಬಾಣದ ಗುರುತನ್ನು ಅದರ ಮೇಲಿಟ್ಟೆ. ಒತ್ತಬೇಕಾದ ಬೆರಳು ಒತ್ತಲಿಲ್ಲ.

ಇದನ್ನು ಹೇಗೆ ವಿವರಿಸಲಿ? ಭೂಮಿಯನ್ನು ಕೋರೆಯ ಮೇಲೆತ್ತಿದ ವರಾಹನ ಕಥೆಗೂ ಕಾಗದ ಕೇಳುವವನು ನಾನು. ಎದುರಿಗಿದ್ದದ್ದು ಹಂದಿಯೂ ಅಲ್ಲ, ಬಣ್ಣದ ಚುಕ್ಕೆಗಳು. ಆದರೂ ದಿನ ಬೆಳಗಾದರೆ ತಂದೆಯ ಬಾಯಲ್ಲಿ ಕೇಳಿದ ದಶಾವತಾರದ ಶ್ಲೋಕ ಬೆರಳಿನೊಳಗೆ ಎಲ್ಲೋ ಉಳಿದುಬಿಟ್ಟಿತ್ತು.

“ಒತ್ರೀ ಕಾಕಾ!”

“ಆಗವಲ್ದು.”

“ಅರೆ! ನಮಗ ತಿನ್ನೂದು ಮನಾ ಅದ, ಹೊಡೀಬ್ಯಾಡ ಅಂತ ಯಾರೂ ಹೇಳಿಲ್ಲ. ಸರೀರಿ, ನಾ ಹೊಡದ ಕೊಡ್ತೀನಿ. ಹತ್ತು ಮಿನಿಟಿನ ಕೆಲಸ.”

“ನೀವು ಹೊಡದ್ರೂ ನನ್ನ ಹೆಸರಿಗೇ ಹತ್ತತದ.”

“ಮತ್ತ ಏನ್ ಮಾಡ್ತೀರಿ? ಹಂದಿಗೆ ನಮಸ್ಕಾರ ಮಾಡ್ತೀರೇನು?”

ಅವರು ನಗಬೇಕಾಗಿತ್ತು, ನಕ್ಕರು. ಆದರೆ ಬೇರೆ ದಾರಿಯನ್ನೂ ಅವರೇ ಹುಡುಕಿಕೊಟ್ಟರು. ಗಿಡಮೂಲಿಕೆ ಆಯ್ದು ತಂದರೆ, ಒಬ್ಬರ ಓಲೆಯನ್ನು ಇನ್ನೊಬ್ಬರಿಗೆ ಮುಟ್ಟಿಸಿದರೆ, ಗಾಯಗೊಂಡವರಿಗೆ ಪಟ್ಟಿ ಕಟ್ಟಿದರೆ, ಇರುವೆ ಹೆಜ್ಜೆಯಲ್ಲಾದರೂ ಮಟ್ಟ ಏರುತ್ತಿತ್ತು. ಬೇರೆಯವರು ಒಂದು ಮಧ್ಯಾಹ್ನದಲ್ಲಿ ದಾಟುವ ಊರನ್ನು ದಾಟಲು ನನಗೆ ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನದಲ್ಲಿ ತಮ್ಮನ ಕಾಲು ಬಾತವು, ಮುಖ ಬಾತಿತು, ಊಟ ಹೋಗುವುದು ನಿಂತಿತು. ಅವನ ಹೆಂಡತಿ ಫೋನಿನಲ್ಲಿ, “ಎಲ್ಲಿಗೆ ಬಂತ್ರೀ ಭಾವನವರ?” ಎಂದು ಕೇಳುವಳು. “ಮೂರನೇ ಮಟ್ಟ ಆಗ್ಯದ,” ಎನ್ನುವೆ. ಮುಳುಗುವವನನ್ನು ದಡದಲ್ಲಿ ನಿಂತು ನೋಡುತ್ತ ಈಜಿನ ಪುಸ್ತಕ ಓದಿದ ಹಾಗಿತ್ತು ನನ್ನ ಸ್ಥಿತಿ. ಅದು ಗೊತ್ತಿದ್ದೂ ಹತ್ತು ಹಂದಿಗಳನ್ನು ಹೊಡೆಯಲಾಗಲಿಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ ಬಾಗಿಲು ತೆರೆಯಿತು. ಸೇತುವೆಯ ಮೇಲೆ ಕೆಂಪು ನಿಲುವಂಗಿಯವನೊಬ್ಬ ನಿಂತಿದ್ದ. ತಲೆಯ ಮೇಲೆ ಅದೇ ಹೆಸರು. ನಾನು ಹತ್ತಿರ ಹೋದೊಡನೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಸಾಲು ಮೂಡಿತು. ನನ್ನ ಹೆಸರಿನಿಂದಲೇ ನಮ್ಮ ಕಡೆಯವನೆಂದು ತಿಳಿದಿರಬೇಕು. ಯಾರು ಏನೇನು ಹೊಡೆದಿದ್ದಾರೆಂಬ ಲೆಕ್ಕವೂ ಅಲ್ಲಿ ಹೆಸರಿನ ಕೆಳಗೇ ಕಾಣುತ್ತಿತ್ತು.

“ಬರ್ರಿ ಕಾಕಾ. ಐದನೇ ಮಟ್ಟಕ್ಕ ಬಂದೀರಿ, ಒಂದ ಹಂದೀನೂ ಹೊಡದಿಲ್ಲ. ಇಂಥಾವ್ರನ್ನ ಇದ ಮೊದಲು ನೋಡ್ತಿರೂದು.”

“ಹೊಡೀಲಿಕ್ಕೆ ಆಗಲಿಲ್ಲ,” ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಆಮೇಲೆ ಒಂದು ಸಾಲು: “ಯಾಕ ಬಂದೀರಿ ಇಲ್ಲಿ?”

ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಇದಕ್ಕೆ ಉತ್ತರವಾಗಿ, ನಾನು ನಿನ್ನ ಅಣ್ಣ, ಪೂಜೆ ನಾನು ಮಾಡುತ್ತೇನೆ, ನೀನು ದವಾಖಾನೆಗೆ ಬಾ ಎಂದಷ್ಟೇ ಬರೆದಿದ್ದರೆ ಸಾಕಾಗಿತ್ತು. ಅಂಗಡಿಯವರು ಪಕ್ಕದಲ್ಲೇ ಇದ್ದರು. “ನೀವ್ ಹೇಳ್ರಿ, ನಾ ಬಡೀತೀನಿ,” ಎಂದರು. ಬೇಡವೆಂದೆ. ನನ್ನ ಮಾತು ನನ್ನ ಕೈಯಿಂದಲೇ ಹೋಗಬೇಕೆಂಬ ಹಟ. ಅಷ್ಟಕ್ಕೂ ನಾನು ಬರೆಯಲು ತೊಡಗಿದ್ದು ಮೋಡಿ ಕಾಗದದಿಂದ. ಪುಸ್ತಿಕೆಯಲ್ಲಿ ಬರೆದದ್ದು ಸತ್ಯವೇ, ಅದನ್ನು ಹಿಂತೆಗೆದುಕೊಳ್ಳಲಾರೆ, ಆದರೆ ಅದರಿಂದ ನಿನಗಾದ ಅವಮಾನ... ಮಾತು ಬರೆಯುವ ಆ ಚೌಕದಲ್ಲಿ ಒಂದು ಮಿತಿಗಿಂತ ಹೆಚ್ಚು ಅಕ್ಷರ ಹಿಡಿಯುತ್ತಿರಲಿಲ್ಲ. ವಾಕ್ಯ ನಡುವೆ ತುಂಡಾಗುತ್ತಿತ್ತು. ತುಂಡಾದ ವಾಕ್ಯವನ್ನು ನಾನು ಯಾರಿಗೂ ಕಳಿಸಿದವನಲ್ಲ. ಅಳಿಸಿದೆ, ಮತ್ತೆ ಜೋಡಿಸಿದೆ, ಮತ್ತೆ ಅಳಿಸಿದೆ. ತಲೆ ಎತ್ತಿದಾಗ ಸೇತುವೆ ಬರಿದಾಗಿತ್ತು.

ಮರುದಿನ ಅವನು ಅಲ್ಲಿರಲಿಲ್ಲ. ಅದರ ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಗುಡಿಯ ಮೆಟ್ಟಿಲಿಳಿಯುವಾಗ ಎಚ್ಚರ ತಪ್ಪಿದ. ಸೇಡಂ ರಸ್ತೆಯ ಆಸ್ಪತ್ರೆಗೆ ತಂದರು. ಎಚ್ಚರ ಮರಳಲಿಲ್ಲ. ಅವನ ಹಾಸಿಗೆಯ ಪಕ್ಕದಲ್ಲಿ ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಸಣ್ಣ ಸಣ್ಣ ಮಾತುಗಳಲ್ಲಿ. ಮೂರನೆಯ ದಿನ ಹೋದ.

ಹಕ್ಕುದಾರ ನಾನೊಬ್ಬನೇ ಉಳಿದೆ. ಈಗ ವಾರಕ್ಕೆ ಮೂರು ದಿನವಲ್ಲ, ಏಳು ದಿನವೂ ಆ ಮೂರ್ತಿಗೆ ನೀರೆರೆಯುವವನು ನಾನೇ. ಆ ನೀರಿನಲ್ಲಿ ನನಗೆ ದೇವರು ಕಂಡನೆಂದು ಯಾರಾದರೂ ಬರೆದರೆ ಅದಕ್ಕೂ ಕಾಗದ ಕೇಳಿ.

ಊರಿನ ಕಥೆಯಂತೆ ನನ್ನದೂ ಒಂದು ಕಥೆಯಿತ್ತು. ಸೇತುವೆಯ ಮೇಲೆ ಅವನು ನನ್ನ ಗುರುತು ಹಿಡಿದ. ಹಿಡಿದದ್ದರಿಂದಲೇ ಮುಖ ತಿರುಗಿಸಿ ಹೋದ. ಎರಡು ವರ್ಷ ಇದನ್ನೇ ನಂಬಿ ಉರಿದೆ. ಸಾಕ್ಷಿಯಿಲ್ಲದ ಕಥೆಯನ್ನು ನಂಬಿದ್ದೇನೆಂದು ಒಂದು ದಿನ ಹೊಳೆದು, ಸೆಂಟರು ನಡೆಸುತ್ತಿದ್ದ ಹೆಣ್ಣುಮಗಳ ಬಳಿ ಹೋದೆ.

“ಗುರುತು ಹಿಡದಿದ್ರರೀ,” ಎಂದಳು ಆಕೆ. “‘ಹೊಡೀಲಿಕ್ಕೆ ಆಗಲಿಲ್ಲ’ ಅಂತ ನೀವು ಬರದ ಕೂಡ್ಲೇ ‘ನಮ್ಮಣ್ಣ ಬಂದಾನ ನೋಡವ್ವಾ’ ಅಂತ ನನ್ನ ಕರದು ತೋರಿಸಿದ್ರು. ‘ಪುಸ್ತಕದಾಗ ದೇವರನ್ನ ಬಡದ, ಇಲ್ಲಿ ಒಂದು ಹಂದಿ ಬಡೀಲಿಕ್ಕೆ ಆಗವಲ್ದು ಅವಗ’ ಅಂತ ನಕ್ಕರು. ಕಣ್ಣಾಗ ನೀರು ಬಂದಿದ್ವು. ನೀವು ಏನರೆ ಬರೀತೀರಿ ಅಂತ ಪರದಾ ನೋಡಕೋತ ಕೂತರು. ಅರ್ಧ ತಾಸು ಕೂತಿರಬೇಕು.”

“ಮತ್ತ ಯಾಕ ಎದ್ದು ಹೋದ?”

“ನಾಕ ಆಗಿತ್ತಲ್ರೀ. ಗುಡಿ ಬಾಗಿಲಾ ತೆಗೀಬೇಕಿತ್ತು. ‘ಅವನ ವಾಕ್ಯ ಮುಗಿಯೂತನ ದೇವ್ರಿಗೆ ತಡಿ ಅನ್ನಲಿಕ್ಕೆ ಬರ್ತದೇನು, ನಾಳಿ ಕೇಳ್ತೀನಿ’ ಅಂದು ಹೋದ್ರು. ಮರುದಿವಸ ಕಾಲು ಊರ್ಲಿಕ್ಕೆ ಬರಲಿಲ್ಲ ಅವರಿಗೆ, ಗುಡಿಗೆ ಗ್ವಾಡಿ ಹಿಡಕೊಂಡ ಹೋದ್ರಂತ. ನಮ್ಮ ಸೆಂಟರಿಗೆ ಬರಲಿಲ್ಲ.”

ನಾಲ್ಕಕ್ಕೆ ಸಂಜೆಯ ಬಾಗಿಲು ತೆರೆಯಬೇಕೆಂಬುದು ಆ ಮನೆಯಲ್ಲಿ ಹುಟ್ಟಿದ ನನಗೆ ಆ ಮಧ್ಯಾಹ್ನ ಹೊಳೆಯಲಿಲ್ಲ. ಪೂಜೆ ಬಿಟ್ಟು ಆಟಕ್ಕೆ ಕೂತನೆಂಬ ಮಾತನ್ನು ನಂಬುವವರು ದಯವಿಟ್ಟು ನನ್ನ ಬರಹವನ್ನು ನಂಬಬೇಡಿ. ನಾನು ಅವನ ಅಣ್ಣ. ನನಗೆ ನನ್ನ ಲಾಭವಿದೆ. ಆ ಹೆಣ್ಣುಮಗಳು ನಮಗೆ ಬಂಧುವಲ್ಲ, ನಮ್ಮ ಜಾತಿಯವಳಲ್ಲ, ಗುಡಿಗೆ ಬರುವವಳೂ ಅಲ್ಲ. ಸೆಂಟರು ಮುಚ್ಚಿ ಈಗ ಅದೇ ಕೋಣೆಯಲ್ಲಿ ಝೆರಾಕ್ಸ್ ಮೆಷಿನ್ ಇಟ್ಟುಕೊಂಡಿದ್ದಾಳೆ. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅವನು ಎಷ್ಟು ಗಂಟೆಗೆ ಬರುತ್ತಿದ್ದ, ಎಷ್ಟು ಗಂಟೆಗೆ ಏಳುತ್ತಿದ್ದ ಎಂದು ಆಕೆಯನ್ನೇ ಕೇಳಿ. ಮಧ್ಯಾಹ್ನ ಊಟಕ್ಕೆ ಹೋಗಿರುತ್ತಾಳೆ, ಮೂರರ ಮೇಲೆ ಹೋಗಿ.