ಜೇಬು ನೋಡಿ ನೀರಿಗೆ ಹಾಕುವ ಜಾಗದಕ್ಕ

ಸೋಪಿನ ನೀರಿನ ಹಬೆ, ಕಾದ ಇಸ್ತ್ರಿಪೆಟ್ಟಿಗೆ, ಅದರಡಿ ತುಸುವೇ ಸೀದ ಹತ್ತಿಬಟ್ಟೆ. ಈ ಮೂರೂ ಬೆರೆತ ವಾಸನೆಯಲ್ಲಿ ಜಾಗದಕ್ಕನ ಬಾಲ್ಯ ಕಳೆದಿದೆ. ತಾಯಿ ದೊಡ್ಡದೊಂದು ಲಾಂಡ್ರಿಯಲ್ಲಿ ಬಟ್ಟೆ ಒಗೆದು ಮಡಚುವ ಕೆಲಸದಲ್ಲಿದ್ದರು. ಶಾಲೆ ಬಿಟ್ಟೊಡನೆ ಮಗಳು ಅಲ್ಲಿಗೇ ಓಡುತ್ತಿದ್ದಳು, ಬೆಚ್ಚಗಿನ ಚಾದರಗಳ ರಾಶಿಗೆ ಒರಗಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಈಗಲೂ ಹಳೆಯ ಲ್ಯಾಪ್‌ಟಾಪ್ ಒಂದರ ಫ್ಯಾನು ಏದುಸಿರು ಬಿಟ್ಟು, ಕಾದ ಧೂಳಿನ ಗಾಳಿ ಮೂಗಿಗೆ ಬಡಿದರೆ ಆಕೆಯ ಕೈ ಒಂದು ಗಳಿಗೆ ನಿಲ್ಲುತ್ತದೆ. "ಅಮ್ಮ ಪಕ್ಕದಲ್ಲಿ ಬಂದು ನಿಂತ ಹಾಗಾಗತ್ತೆ," ಎನ್ನುತ್ತಾಳೆ. ಆಮೇಲೆ ಸಣ್ಣ ಬ್ರಷ್ಷು ತೆಗೆದುಕೊಂಡು ಆ ಧೂಳನ್ನು ಗುಡಿಸತೊಡಗುತ್ತಾಳೆ.

ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಹಾಲಿನ ಗಾಡಿ ಈಗಷ್ಟೇ ಮೂಲೆ ತಿರುಗಿದೆ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿರುವ ಗೂಡಿನಂಥ ಅಂಗಡಿಯ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಸುಳುವುದರಿಂದ ಜಾಗದಕ್ಕನ ದಿನ ಶುರುವಾಗುತ್ತದೆ. ನೆಟ್ಟಗೆ ನಿಲ್ಲಲು ಆಗುವುದು ಬಾಗಿಲ ಬಳಿ ಮಾತ್ರ. ಒಳಗೆ ಹೋದಂತೆಲ್ಲ ಚಾವಣಿ ಇಳಿಯುತ್ತದೆ, ತಲೆಯೂ ತಗ್ಗುತ್ತದೆ. ಮೇಲಿನ ಮನೆಯವರು ಮೆಟ್ಟಿಲಿಳಿದರೆ ನೆತ್ತಿಯ ಮೇಲೇ ನಡೆದುಹೋದಂತೆ. "ಬೆಳಗಿನ ಹೊತ್ತು ಮಷೀನೂ ತಣ್ಣಗಿರತ್ತೆ, ನನ್ನ ತಲೆಯೂ ತಣ್ಣಗಿರತ್ತೆ. ಗಿರಾಕಿಗಳು ಬಂದಮೇಲೆ ಎರಡೂ ಬಿಸಿ," ಎಂದು ನಗುತ್ತಾಳೆ.

ಆಕೆ ಮಾಡುವುದು ಒಂದೇ ಕೆಲಸ. ವಯಸ್ಸಾದ ಲ್ಯಾಪ್‌ಟಾಪುಗಳ ಹೊಟ್ಟೆಯಲ್ಲಿ ಜಾಗ ಮಾಡಿಕೊಡುವುದು. 'ಡಿಸ್ಕ್ ತುಂಬಿದೆ' ಎಂದು ಹಟ ಹಿಡಿದು ಕೂತ ಯಂತ್ರಗಳು ಬಟ್ಟೆಯ ಚೀಲದಲ್ಲೋ ಮಗುವಿನ ಶಾಲೆಬ್ಯಾಗಿನಲ್ಲೋ ಇಲ್ಲಿಗೆ ಬರುತ್ತವೆ. ದಿನಕ್ಕೆ ನಾಲ್ಕೈದು ಬಂದರೆ ಆಕೆಗೆ ಕೈತುಂಬ ಕೆಲಸ. ಒಂದರಲ್ಲಿ ಒಂದೇ ಮದುವೆಯ ಫೋಟೋ ಆರು ಕಡೆ ಇರುತ್ತದೆ. ಇನ್ನೊಂದರಲ್ಲಿ ಎಂದೋ ಕಳೆದುಹೋದ ಫೋನಿನ ಅಷ್ಟೂ ಸಾಮಾನು ಎರಡೆರಡು ಸಲ ಇಳಿದು ಕೂತಿರುತ್ತದೆ. "ಮನೆ ಸಣ್ಣದಾಯ್ತು ಅಂತ ಅಳ್ತಾರೆ. ನೋಡಿದ್ರೆ ನೆಂಟರು ಊಟ ಮಾಡಿಯೂ ಎದ್ದು ಹೋಗಿಲ್ಲ ಅಷ್ಟೆ!"

ಜಾಗದಕ್ಕ ಎಂಬ ಹೆಸರು ಕೊಟ್ಟದ್ದು ಪಕ್ಕದ ಗೂಡಿನಲ್ಲಿ ಬೀಗದ ಕೈ ಮಾಡುವ ಬೀಗದಣ್ಣ. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ. "ನಾನು ಬಾಗಿಲು ತೆಗೆದುಕೊಟ್ಟು ಸುಮ್ನಾಗ್ತೀನಿ. ಒಳಗೆ ಕಾಲಿಡೋಕೆ ಜಾಗ ಮಾಡಿಕೊಡೋದು ಈ ಯಮ್ಮ," ಎಂದು ಬಂದವರಿಗೆಲ್ಲ ಹೇಳುತ್ತಾನೆ. ಮರುಗಳಿಗೆಯೇ ಆಕೆಯ ಅಂಗಡಿಯತ್ತ ಕೈ ತೋರಿಸುತ್ತಾನೆ: "ಆದ್ರೆ ನೋಡಿ, ದೀಪದ ಬುಡದಲ್ಲೇ ಕತ್ತಲೆ. ಅವಳಿಗೇ ಕಾಲು ಚಾಚೋಕೆ ಜಾಗ ಇಲ್ಲ!"

ಮೊದಲು ಆಕೆ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪು ಮಾಡುತ್ತಿದ್ದಳು. ಅಲ್ಲಿನ ಹಳೆಯ ಕಂಪ್ಯೂಟರು ಮಾತು ಮಾತಿಗೂ ಉಸಿರು ಕಟ್ಟಿ ನಿಲ್ಲುತ್ತಿತ್ತು. ರಿಪೇರಿಯವನನ್ನು ಕರೆಸಲು ಮಾಲೀಕರಿಗೆ ಮನಸ್ಸಿಲ್ಲ, ಹೊಸದು ಕೊಳ್ಳಲು ಕೈಲಾಗದು. ಅದನ್ನು ಉಪಚರಿಸುತ್ತ ಉಪಚರಿಸುತ್ತ ಆಕೆ ಅದರ ನಾಡಿ ಹಿಡಿಯಲು ಕಲಿತಳು. ಅಂಗಡಿ ಮುಚ್ಚಿದಾಗ, "ಇದು ನಿನ್ನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ, ನೀನೇ ಇಟ್ಕೊಳ್ಳಮ್ಮ," ಎಂದು ಮಾಲೀಕರು ಆ ಕಂಪ್ಯೂಟರನ್ನೇ ಕೊಟ್ಟುಬಿಟ್ಟರು. ಅದನ್ನಿಟ್ಟುಕೊಂಡು ಈ ಗೂಡಂಗಡಿ ತೆರೆದ ಶುರುವಿನಲ್ಲಿ ಜನ ಬಗ್ಗಿ ನೋಡಿ, "ರಿಪೇರಿಯವರು ಇಲ್ವಾ?" ಎಂದು ಕೇಳಿ ಹೋಗುತ್ತಿದ್ದರಂತೆ. "ಇದ್ದಾರೆ, ಬಗ್ಗಿಕೊಂಡಿದ್ದಾರೆ, ಎದ್ರೆ ತಲೆ ಹೊಡೆಯತ್ತೆ ಅಂತಿದ್ದೆ," ಎಂದು ಆಕೆ ಈಗ ಹೇಳಿಕೊಂಡು ನಗುತ್ತಾಳೆ.

ಆಕೆಯ ಕೆಲಸದಲ್ಲಿ ಒಂದು ಮರ್ಯಾದೆ ಇದೆ. ಪರದೆಯನ್ನು ಸದಾ ಗಿರಾಕಿಯ ಕಡೆಗೇ ತಿರುಗಿಸಿ, ತಾನು ಪಕ್ಕಕ್ಕೆ ಸರಿದು ಕೂರುತ್ತಾಳೆ. ಫೋಟೋಗಳಿದ್ದರೆ ಅವರ ಕೈಯಿಂದಲೇ ತೆಗೆಸುತ್ತಾಳೆ. "ಇನ್ನೊಬ್ಬರ ಮನೆ ಅದು. ಗುಡಿಸೋಕೆ ಬಂದವಳು ಬೀರು ತೆಗೆದು ನೋಡಬಾರದು." ಅಂಗಡಿಯಲ್ಲಿ ಇರುವ ಒಂದೇ ಒರಗುಕುರ್ಚಿ ವಯಸ್ಸಾದವರಿಗೆ. ತನಗೆ ಸ್ಟೂಲು.

ಇನ್ನೊಂದು ಕಟ್ಟುನಿಟ್ಟು, ಅಳಿಸಿದ ಕಡತಗಳು ಹೋಗಿ ಬೀಳುವ ಬುಟ್ಟಿಯದು. ಲ್ಯಾಪ್‌ಟಾಪ್ ತುಂಬಿದೆ ಎಂದರೆ ಯಾರಾದರೂ ಮೊದಲು ಆ ಬುಟ್ಟಿಯನ್ನು ಖಾಲಿ ಮಾಡುತ್ತಾರೆ. ಕಸ ತಾನೆ, ಕೇಳುವುದೇನು? ಜಾಗದಕ್ಕ ಮಾತ್ರ ಒಳಗೆ ಇಣುಕಿ, ಗಿರಾಕಿಯನ್ನು ಕೇಳಿಯೇ ಮುಂದುವರಿಯುವುದು. ಇದು ಲಾಂಡ್ರಿಯಲ್ಲಿ ಕಲಿತ ಪಾಠ. "ಜೇಬು ನೋಡದೆ ಬಟ್ಟೆ ನೀರಿಗೆ ಹಾಕಬೇಡ ಅಂತಿದ್ಲು ಅಮ್ಮ. ಎಷ್ಟೇ ಕೊಳೆಯಾಗಿರಲಿ, ಎಷ್ಟೇ ಅವಸರ ಇರಲಿ. ಉಂಗುರ, ಹಲ್ಲಿನ ಸೆಟ್ಟು, ಪುಟ್ಟ ಮಕ್ಕಳು ಬಚ್ಚಿಟ್ಟ ಕಲ್ಲು, ಎಲ್ಲ ಸಿಕ್ತಿತ್ತು. ಕಲ್ಲನ್ನೂ ಒರೆಸಿ ಬಟ್ಟೆ ಜೊತೆ ವಾಪಸ್ ಕೊಡ್ತಿದ್ಲು."

ಈ ಪಾಠ ಎಷ್ಟು ದೊಡ್ಡದೆಂದು ಈಚೆಗೊಂದು ಬೆಳಿಗ್ಗೆ ಗೊತ್ತಾಯಿತು.

ಅಂದು ಶಟರು ಅರ್ಧಕ್ಕೆ ಏರಿದಾಗಲೇ ಹೊರಗೊಬ್ಬರು ಕಾದಿದ್ದಾರೆ. ಆಸ್ಪತ್ರೆಯೊಂದರ ಚೀಟಿ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಗಸು. ಬೀದಿಯವರೆಲ್ಲ ಕರೆಯುವುದು ಹೆಣಿಗೆಯಮ್ಮ ಎಂದು, ಕೌಂಟರಿನಲ್ಲಿ ಜನವಿಲ್ಲದಾಗ ಕೈಯಲ್ಲಿ ಸದಾ ಉಣ್ಣೆ ಮತ್ತು ಕಡ್ಡಿ ಇರುವುದರಿಂದ. ಚೀಲದಿಂದ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಅದಕ್ಕೂ ಒಂದು ಉಣ್ಣೆಯ ಅಂಗಿ.

"ಇದು ಹೊಸದಾಗಿ ಏನೂ ರೆಕಾರ್ಡ್ ಮಾಡ್ಕೊಳ್ತಾ ಇಲ್ಲಮ್ಮ. ಜಾಗ ಇಲ್ಲ ಅನ್ನತ್ತೆ. ನನ್ನ ಅಕ್ಕನಿಗೆ ಇದೇ ಕಣ್ಣು."

ಅಕ್ಕನಿಗೆ ದೃಷ್ಟಿ ಹೋಗಿ ಕೆಲವು ವರ್ಷಗಳಾಗಿವೆ. ತಂಗಿಗೆ ಹೆಣಿಗೆ ಕಲಿಸಿದವರೇ ಅವರು. ಕಣ್ಣು ಹೋದಮೇಲೂ ಬೆರಳು ಸುಮ್ಮನಿರಲು ಒಪ್ಪಲಿಲ್ಲ, ಆದರೆ ಬಗೆಬಗೆಯ ವಿನ್ಯಾಸದ ಸಾಲುಗಳೆಲ್ಲ ನೆನಪಿನಲ್ಲಿ ನಿಲ್ಲಬೇಕಲ್ಲ? ಅದಕ್ಕೆ ತಂಗಿ ಒಂದು ದಾರಿ ಹುಡುಕಿದ್ದಾರೆ. ಹಳೆಯ ಹೆಣಿಗೆ ಪುಸ್ತಕಗಳಿಂದ ಒಂದೊಂದೇ ಸಾಲು ಓದಿ, ಕಡ್ಡಿ ಓಡುವಷ್ಟು ಹೊತ್ತು ಬಿಟ್ಟು, ಮತ್ತೆ ಓದಿ, ತಮ್ಮ ದನಿಯನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಸುತ್ತಾರೆ. 'ಎರಡು ಕುಣಿಕೆ ನೇರ, ಒಂದು ಉಲ್ಟಾ. ಆಯ್ತಾ ಅಕ್ಕ? ಈಗ ತಿರುಗಿಸು.' ತಂಗಿ ಕೆಲಸಕ್ಕೆ ಹೋದಮೇಲೆ ಅಕ್ಕ ಅದನ್ನು ಕೇಳುತ್ತ ಹೆಣೆಯುತ್ತಾರೆ. ಕೆಲವೊಮ್ಮೆ ಯಂತ್ರಕ್ಕೇ ಉತ್ತರವನ್ನೂ ಕೊಡುತ್ತಾರಂತೆ: "ಇರೇ, ಅವಸರ ಮಾಡಬೇಡ."

ಜಾಗದಕ್ಕ ಎಂದಿನಂತೆ ಪರದೆ ತಿರುಗಿಸಿ, ಬುಟ್ಟಿ ತೆರೆಸುತ್ತಾಳೆ. ಒಳಗೆ ಸಾಲಾಗಿ ಧ್ವನಿಮುದ್ರಣಗಳು. ಟೋಪಿ, ಶಾಲು, ಕುತ್ತಿಗೆ ಪಟ್ಟಿ, ತೋಳು.

"ಇವನ್ನೆಲ್ಲ ಯಾಕಮ್ಮ ಇಲ್ಲಿ ಹಾಕಿದೀರಿ?"

"ಮತ್ತೆಲ್ಲಿ ಹಾಕ್ಲಿ? ಹೆಣಿಗೆ ಬುಟ್ಟೀಲಿ ತಾನೆ ಇರೋದು?" ಹೆಣಿಗೆಯಮ್ಮ ಪರದೆಯ ಮೇಲೆ ಬೆರಳಿಡುತ್ತಾರೆ. ಆ ಚಿತ್ರದ ಕೆಳಗೆ ಕನ್ನಡದಲ್ಲೇ ಬರೆದಿದೆ: ಮರುಬಳಕೆ ಬುಟ್ಟಿ. "ನೋಡಿ, ಮರುಬಳಕೆ ಅಂತ ಬರೆದೇ ಇದೆ. ಮತ್ತೆ ಮತ್ತೆ ಬಳಸೋದಕ್ಕೆ. ಬೆಳಿಗ್ಗೆ ಬೇಕಾದ್ದನ್ನ ಹೊರಗೆ ತೆಗೀತೀನಿ, ಸಾಯಂಕಾಲ ಬುಟ್ಟಿಗೆ ಹಾಕ್ತೀನಿ. ಈ ನಡುವೆ ದಿನಾ ಕೇಳತ್ತೆ, ಖಾಲಿ ಮಾಡ್ಲಾ ಅಂತ. ನಾನೂ ದಿನಾ ಬೇಡಪ್ಪ ಅಂತೀನಿ."

ಪಕ್ಕದಿಂದ ಬೀಗದಣ್ಣನ ನಗು ಗೋಡೆ ದಾಟಿ ಬರುತ್ತದೆ. "ಅಯ್ಯೋ ತಾಯಿ! ಚಿನ್ನಾನ ಕಸದ ಡಬ್ಬೀಲಿಟ್ಟು ಕಾದ್ರಾ ಇಷ್ಟು ವರ್ಷ?"

ಹೆಣಿಗೆಯಮ್ಮನ ಮುಖ ಸಣ್ಣಗಾಗುತ್ತದೆ. ಜಾಗದಕ್ಕ ಗೋಡೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ಕನೆ ಬಡಿಯುತ್ತಾಳೆ. "ಸುಮ್ನಿರಣ್ಣ. ತಪ್ಪು ಹೆಸರಿಟ್ಟವರದು, ಓದಿದವರದ್ದಲ್ಲ. ಕಸ ಅಂತ ಬರೆಯೋಕೆ ಅವರಿಗೆ ನಾಚಿಕೆಯಾದ್ರೆ ಇವರೇನು ಮಾಡ್ತಾರೆ?" ಗೋಡೆಯಾಚೆ ಕೀಲಿ ಕೊರೆಯುವ ಯಂತ್ರ ಮತ್ತೆ ಶುರುವಾಗುತ್ತದೆ.

ಆದರೆ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಬುಟ್ಟಿಗೂ ಒಂದು ಅಳತೆ ಇದೆ. ಅದು ತುಂಬಿದರೆ ಬಹಳ ದಿನದಿಂದ ಕೈ ತಾಗದೆ ಬಿದ್ದದ್ದನ್ನು ಯಂತ್ರ ತಾನಾಗಿಯೇ ಹೊರಗೆ ಎಸೆಯುತ್ತದೆ. ದಿನಾ ತೆಗೆದು ಹಾಕುತ್ತಿದ್ದ ಶಾಲು, ಟೋಪಿ ಉಳಿದಿವೆ. ಮಕ್ಕಳ ಬಟ್ಟೆಯ ಪಾಠಗಳಲ್ಲಿ ಒಂದೂ ಕಾಣುತ್ತಿಲ್ಲ. ಅವರಿಗೆ ಈಗ ಬೇಕಾದದ್ದು ಅವೇ. ತಮ್ಮನ ಮಗಳಿಗೆ ದಿನ ತುಂಬುತ್ತಿದೆ. ಮನೆಗೆ ಬರುವ ಮಗುವಿಗೆ ಮೊದಲ ಉಡುಪು ತನ್ನ ಕೈಯದೇ ಆಗಬೇಕೆಂದು ಅಕ್ಕ ಹಟ ಹಿಡಿದು ಉಣ್ಣೆ ಸುತ್ತಿಟ್ಟು ಕೂತಿದ್ದಾರೆ.

"ಅಕ್ಕನಿಗೆ ಏನಂತ ಹೇಳ್ಲಿ?" ಎನ್ನುತ್ತಾರೆ ಹೆಣಿಗೆಯಮ್ಮ.

"ಈಗಲೇ ಏನೂ ಹೇಳಬೇಡಿ. ಇದನ್ನ ಮುಟ್ಟಲೂಬೇಡಿ. ಹೊಸದೇನಾದ್ರೂ ಬರೆದುಕೊಂಡ್ರೆ ಹಳೇದರ ಗುರುತು ಅಳಿದುಹೋಗತ್ತೆ," ಎಂದು ಜಾಗದಕ್ಕ ಯಂತ್ರವನ್ನು ಆರಿಸಿಬಿಡುತ್ತಾಳೆ.

ತಳದ ಸ್ಕ್ರೂ ಒಂದು ತುಕ್ಕು ಹಿಡಿದು ಅಲ್ಲಾಡುವುದಿಲ್ಲ. ನಕ್ಕಿದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಬೀಗದಣ್ಣ ತನ್ನ ಅತಿ ಸಣ್ಣ ಸ್ಕ್ರೂಡ್ರೈವರು ಹಿಡಿದು ತಾನೇ ಬಂದು ಅದನ್ನು ಬಿಚ್ಚಿಕೊಡುತ್ತಾನೆ. ಜಾಗದಕ್ಕ ಡಿಸ್ಕನ್ನು ಹೊರತೆಗೆದು ತನ್ನ ಯಂತ್ರಕ್ಕೆ ಜೋಡಿಸಿ, ಅಳಿಸಿಹೋದದ್ದರ ಜಾಡು ಹುಡುಕಲು ಬಿಡುತ್ತಾಳೆ. ಮುದಿ ಡಿಸ್ಕು ಕಟಕಟ ಹಲ್ಲು ಕಡಿಯುತ್ತದೆ. ಬಿಸಿಯೇರಿದಾಗ ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ಹಚ್ಚಬೇಕು. ಬಾಣಂತಿಯ ಪಕ್ಕ ಕೂತವಳ ಹಾಗೆ ಮೂರು ದಿನ ಅದನ್ನು ಕಾಯುತ್ತಾಳೆ. ಮೊದಲು ಮಗುವಿನ ಅಂಗಿ ಸಿಗುತ್ತದೆ, ಆಮೇಲೆ ಟೋಪಿ, ಆಮೇಲೆ ಕೈಗವಸು. ಸಿಗದೆ ಉಳಿಯುವುದು ಒಂದೇ, ಪುಟಾಣಿ ಕಾಲುಚೀಲದ ಹಿಮ್ಮಡಿ. ಹೆಸರು ಸಿಗುತ್ತದೆ, ಒಳಗೆ ದನಿಯಿಲ್ಲ. ಆ ಜಾಗದ ಮೇಲೆ ಬೇರೇನೋ ಬಂದು ಕೂತುಬಿಟ್ಟಿದೆ.

ಆಮೇಲೆ ಆಕೆ ತನ್ನ ಮಾಮೂಲು ಕೆಲಸಕ್ಕೆ ಇಳಿಯುತ್ತಾಳೆ. ಸಿಕ್ಕ ಪಾಠಗಳನ್ನೆಲ್ಲ ಬೇರೊಂದು ಡಿಸ್ಕಿನಲ್ಲಿ ಜೋಪಾನವಾಗಿ ಇಟ್ಟು, ಲ್ಯಾಪ್‌ಟಾಪನ್ನು ತುಂಬಿದ್ದ ನಿಜವಾದ ಅಪರಾಧಿಯನ್ನು ಹುಡುಕುತ್ತಾಳೆ. ಯಾವುದೋ ಹಳೆಯ ಫೋನಿನ ಇಡೀ ಗಂಟು, ಎರಡು ಸಲ. ಹೆಣಿಗೆಯಮ್ಮನಿಗೆ ಫೋನು ಮಾಡಿ ಕೇಳಿ, ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುತ್ತಾಳೆ. ಕೀಬೋರ್ಡಿನ ಕೀಲಿಗಳ ಸಂದಿಯಲ್ಲಿ ಸಿಕ್ಕಿದ್ದ ಉಣ್ಣೆಯ ಎಳೆಗಳನ್ನು ಚಿಮುಟದಿಂದ ಎತ್ತುತ್ತಾಳೆ. ಬಣ್ಣಬಣ್ಣದ ಆ ಎಳೆಗಳನ್ನು ಎಸೆಯಲು ಮನಸ್ಸು ಬಾರದೆ ಒಂದು ಬೆಂಕಿಪೊಟ್ಟಣದಲ್ಲಿಡುತ್ತಾಳೆ.

ಲ್ಯಾಪ್‌ಟಾಪ್ ಒಯ್ಯಲು ಅಕ್ಕತಂಗಿ ಇಬ್ಬರೂ ಬರುತ್ತಾರೆ. ಅಕ್ಕನ ಹಣೆ ಮೆಟ್ಟಿಲಿಗೆ ತಾಗದಂತೆ ಜಾಗದಕ್ಕ ತನ್ನ ಅಂಗೈಯನ್ನು ಚಾವಣಿಗೆ ಅಡ್ಡ ಹಿಡಿದು ಒರಗುಕುರ್ಚಿಗೆ ಕೂರಿಸುತ್ತಾಳೆ. ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂರುತ್ತಾಳೆ.

"ದೊಡ್ಡಮ್ಮ, ಎಲ್ಲಾ ಸಿಕ್ತು. ಒಂದು ಮಾತ್ರ... ಕಾಲುಚೀಲದ ಹಿಮ್ಮಡಿ ಹೋಯ್ತು."

"ಹಿಮ್ಮಡಿ ತಾನೆ?" ದೊಡ್ಡಮ್ಮ ನಗುತ್ತಾರೆ. "ಹೋದ್ರೆ ಹೋಗ್ಲಿ ಬಿಡು. ಇವಳು ಅದನ್ನ ಓದುವಾಗ್ಲೇ ಒಂದು ಸಾಲು ತಪ್ಪಿಸಿದ್ಲು. ಹೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ನಾನು ಸುಮ್ನಿದ್ದೆ. ಆ ಸಾಲು ಬಂದಾಗಲೆಲ್ಲ ನನ್ನ ಪಾಡಿಗೆ ನಾನು ಸರಿಯಾಗಿ ಹೆಣ್ಕೊಳ್ತಿದ್ದೆ."

"ಏನಕ್ಕಾ! ಇಷ್ಟು ವರ್ಷ ಬಾಯಿ ಬಿಡದೆ ಇದ್ಯಾ?"

"ನೀನು ಆಯ್ತಾ ಅಕ್ಕ ಅಂತ ಅಷ್ಟು ಪ್ರೀತಿಯಿಂದ ಕೇಳ್ತಿದ್ದೆ. ಇಲ್ಲ ಅನ್ನೋಕೆ ಹೇಗೆ ಮನಸ್ಸು ಬರತ್ತೆ?"

ಮೂವರೂ ನಕ್ಕು ಸುಧಾರಿಸಿಕೊಂಡ ಮೇಲೆ ಜಾಗದಕ್ಕನಿಗೆ ಒಂದು ಯೋಚನೆ ಹೊಳೆಯುತ್ತದೆ. "ಹಾಗಾದ್ರೆ ನೀವೇ ಹೇಳಿ ದೊಡ್ಡಮ್ಮ. ಈಗ ಜಾಗ ಇದೆಯಲ್ಲ, ತುಂಬಿಸೋಣ." ಗೋಡೆಗೆ ಎರಡು ಸಲ ಬಡಿಯುತ್ತಾಳೆ. ಆಚೆ ಬೀಗದಣ್ಣ ಅರ್ಧ ಕೊರೆದ ಕೀಲಿಯನ್ನು ಹಾಗೇ ಬಿಟ್ಟು ಯಂತ್ರ ಆರಿಸುತ್ತಾನೆ. ಬಂದ ಗಿರಾಕಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಾನೆ. ಬರಿಗೈಯನ್ನೇ ಗಾಳಿಯಲ್ಲಿ ಆಡಿಸುತ್ತ, ದೊಡ್ಡಮ್ಮ ಹಿಮ್ಮಡಿಯನ್ನು ಸಾಲುಸಾಲಾಗಿ ಹೇಳುತ್ತಾರೆ. ಪ್ರತಿ ಸಾಲಿನ ಕೊನೆಗೆ, "ಆಯ್ತಾ ತಂಗಿ?" ಎನ್ನುತ್ತಾರೆ.

ಅದನ್ನಿಡಲು ಜಾಗದಕ್ಕ ಪರದೆಯ ಮೇಲೆ ಹೊಸದೊಂದು ಮನೆ ಮಾಡಿದ್ದಾಳೆ. ಅದರ ಹೆಸರು 'ಹೆಣಿಗೆ ಬುಟ್ಟಿ'. ಹಳೆಯ ಮರುಬಳಕೆ ಬುಟ್ಟಿಯ ಹೆಸರು ಅಳಿಸಿ, ಯಾರಿಗೂ ಅನುಮಾನವೇ ಬಾರದಂತೆ 'ಕಸ' ಎಂದು ಬರೆದಿದ್ದಾಳೆ. ಅಂದಿನಿಂದ ತನ್ನ ಕೈಗೆ ಬಂದ ಪ್ರತಿ ಲ್ಯಾಪ್‌ಟಾಪಿನಲ್ಲೂ, ಮಾಲೀಕರನ್ನು ಕೇಳಿ, ಹಾಗೆಯೇ ಬರೆಯುತ್ತಿದ್ದಾಳೆ.

ಮುಂದೇನಾದರೂ ಆಸೆ ಇದೆಯೇ ಎಂದರೆ ತಲೆಯ ಮೇಲಿನ ಮೆಟ್ಟಿಲನ್ನು ನೋಡುತ್ತಾಳೆ. "ಇನ್ನೊಂದು ಒರಗುಕುರ್ಚಿ ಹಾಕುವಷ್ಟು ಜಾಗ ಇದ್ದಿದ್ರೆ ಸಾಕಿತ್ತು. ಜೊತೇಲಿ ಬಂದವರು ನಿಂತೇ ಇರ್ತಾರೆ, ಪಾಪ." ಬ್ರಷ್ಷಿನ ಧೂಳು ಕೊಡವಿ, "ನೀರಿಗೆ ಹಾಕೋ ಮೊದಲು ಜೇಬು ನೋಡಿದೀನಿ. ಅಮ್ಮ ಇದ್ದಿದ್ರೆ ಹೂಂ ಅಂತಿದ್ಲು," ಎನ್ನುತ್ತಾಳೆ.

ಅಂದು ಹೊರಡುವ ಮುಂಚೆ ದೊಡ್ಡಮ್ಮ ಮಡಿಲಲ್ಲಿಟ್ಟುಕೊಂಡಿದ್ದ ಗಂಟನ್ನು ಬಿಚ್ಚುತ್ತಾರೆ. ಊಟದ ಡಬ್ಬಿ, ಅದಕ್ಕೂ ಉಣ್ಣೆಯದೊಂದು ಅಂಗಿ. ಬೀಗದಣ್ಣ ಇಣುಕಿ, "ಆಯ್ತು ಬಿಡಿ, ನಮ್ಮ ಜಾಗದಕ್ಕನ್ನೂ ಬುಟ್ಟಿಗೆ ಹಾಕ್ಕೊಂಡ್ರಿ!" ಎನ್ನುತ್ತಾನೆ. ದೊಡ್ಡಮ್ಮ ಗಾಳಿಯಲ್ಲಿ ಕೈ ಚಾಚಿ ಡಬ್ಬಿಯನ್ನು ಹಿಡಿದು ನಿಲ್ಲುತ್ತಾರೆ. ಮೇಜಿನ ಮೇಲೆ ಅಂಗೈಯಗಲ ಜಾಗವಿಲ್ಲ. ಜಾಗದಕ್ಕ ಸ್ಕ್ರೂಗಳ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಬ್ರಷ್ಷನ್ನು ಜೇಬಿಗೆ ಸಿಕ್ಕಿಸಿ, ಮುಂಗೈಯಿಂದ ಒಮ್ಮೆ ಒರೆಸಿ, ಇನ್ನೂ ಬಿಸಿಯಿರುವ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಲ್ಲಿಡುತ್ತಾಳೆ.