ನೂರಾ ಅರವತ್ತರ ನಂತರದ ಪುಟಗಳು

ಶ್ರಾವಣಿ, ಓಂಕಾರ — ನಿಮ್ಮ ಅಮ್ಮನ ಪುಸ್ತಕದಲ್ಲಿ ಹದಿನಾರು ಪುಟಗಳು ಇರಲಿಲ್ಲ. ಅವು ಇಲ್ಲದಂತೆ ಮಾಡಿದವಳು ನಾನು, ನಿಮ್ಮ ಅಜ್ಜಿ. ಇದ್ದವು ಎಂದು ಅವಳನ್ನು ನಂಬಿಸಿದವಳೂ ನಾನೇ.

ಇಷ್ಟನ್ನು ಬರೆಯಲು ನನಗೆ ಹದಿನೆಂಟು ವರ್ಷ ಹಿಡಿಯಿತು. ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು ನಾನು. ನಾಲ್ಕು ಜನರ ಮುಂದೆ ಬಾಯಿ ತೆರೆದವಳಲ್ಲ. ಬರೆದರೆ ಕೈ ನೋಯುತ್ತದೆ, ನಿಲ್ಲಿಸುತ್ತೇನೆ, ಮತ್ತೆ ಕೂರುತ್ತೇನೆ. ಆದರೆ ಹೇಳಲು ಹೋದರೆ ಒಂದು ಮಾತೂ ಹೊರಡುವುದಿಲ್ಲ — ಅದು ನನಗೆ ಗೊತ್ತು.

ಆಗ ನಾವು ಕುರ್ಲಾದ ಚಾಳಿನಲ್ಲಿದ್ದೆವು. ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ನಿಮ್ಮ ಅಪ್ಪ ಮಹೇಶ ಕೆಲಸಕ್ಕೆ ಹೋಗುತ್ತಿದ್ದ, ಅವನ ಮದುವೆಯಾಗಿ ಒಂದು ವರ್ಷ. ನಾನು ಮನೆಯಲ್ಲೇ ಕೂತು ಪುಸ್ತಕದ ಹಾಳೆ ಮಡಚುತ್ತಿದ್ದೆ. ನಮ್ಮ ಗಲ್ಲಿಯಲ್ಲಿ ಬಸಣ್ಣ ಎಂಬವರ ಬೈಂಡಿಂಗ್ ಅಂಗಡಿ ಇತ್ತು, ಅವರೂ ನಮ್ಮ ವಿಜಾಪುರದ ಕಡೆಯವರೇ. ಅಚ್ಚಾದ ದೊಡ್ಡ ಹಾಳೆಗಳನ್ನು ಕಳಿಸುತ್ತಿದ್ದರು. ಒಂದು ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ ಕೊಟ್ಟರೆ ಅಂಗಡಿಯಲ್ಲಿ ಹೊಲಿದು ರಟ್ಟು ಹಾಕುತ್ತಿದ್ದರು. ಪುಸ್ತಕದಲ್ಲಿ ಏನಿದೆ ಎಂದು ನಾನು ಕೇಳಿದ್ದಿಲ್ಲ. ಇಂಗ್ಲಿಷ್ ಬಾರದು, ಅಂಕಿ ಮಾತ್ರ ಓದುತ್ತಿದ್ದೆ.

ಒಮ್ಮೆ ಬಂದ ಹಾಳೆಗಳನ್ನು ಮಡಚುವಾಗ ಸುರೇಖಾ, ನಿಮ್ಮ ಅಮ್ಮ, ಒಂದನ್ನು ಎತ್ತಿಕೊಂಡು ಓದುತ್ತ ಕೂತಳು. ಅವಳು ಊರಿನಲ್ಲಿ ಬಿ.ಎಸ್ಸಿ. ಮಾಡಿದ್ದಳು. ಅದು ಪೈಥಾನ್ ಭಾಷೆಯ ಕೈಪಿಡಿ. ಬಾಂದ್ರಾದ ಒಂದು ಕಂಪ್ಯೂಟರ್ ಕ್ಲಾಸಿನವರು ತಮ್ಮಲ್ಲಿ ಕಲಿಯುವವರಿಗಾಗಿ ಅಚ್ಚು ಹಾಕಿಸಿದ್ದು.

“ಇದೇನ್ ಕಥಿ ಪುಸ್ತಕ ಏನವ್ವಾ, ಕೆಲಸ ಬಿಟ್ಟು ಓದಾಕತ್ತೀಯಲ್ಲ” ಎಂದೆ.

“ಕಥಿ ಅಲ್ರಿ ಅತ್ತಿ. ಇದು ಕಂಪ್ಯೂಟರಿಗೆ ಹೇಳೂ ಮಾತು. ಒಂದು ಸಾಲು ಬರದ್ರ ಸಾಕು, ನೂರು ಸಲ ಅದ ಕೆಲಸ ಮಾಡ್ತೈತಿ.”

“ಅದಕ್ಕ ಬ್ಯಾಸರ ಬರೂದಿಲ್ಲೇನು?”

“ಬರೂದಿಲ್ರಿ. ಅದಕ್ಕೇನು ಮನ್ಯಾಗ ಅತ್ತಿ ಅದಾಳೇನು?”

ಇಬ್ಬರೂ ನಕ್ಕೆವು. ಅಷ್ಟು ಸಲಿಗೆ ನಮ್ಮಲ್ಲಿ ಇತ್ತು — ಇದನ್ನು ನೀವು ತಿಳಿದಿರಬೇಕು. ಆಮೇಲೆ ಅವಳು ಹೇಳಿದಳು: “ಇದನ್ನ ಮೊದಲಿಂದ ಕೊನೀತನಕ ಯಾರೂ ಓದೂದಿಲ್ರಿ. ಬೇಕಾದಾಗ ಬೇಕಾದ ಪುಟ ತಗದು ನೋಡೂದು, ಅಷ್ಟ.”

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಉಳಿಯಬಾರದಿತ್ತು.

ಮುಂದಿನ ತಿಂಗಳೇ ಅವಳು ಆ ಕ್ಲಾಸಿಗೆ ಸೇರಿದಳು. ಆರು ತಿಂಗಳ ಕಲಿಕೆ, ಕೊನೆಗೆ ಒಂದು ಪರೀಕ್ಷೆ. ಪಾಸಾದವರನ್ನು ಬಾಂದ್ರಾದಲ್ಲೇ ಒಂದು ಆಫೀಸಿನವರು ಕೆಲಸಕ್ಕೆ ತೆಗೆದುಕೊಳ್ಳುವುದೆಂದು ಗೊತ್ತಾಗಿತ್ತು. ಪರೀಕ್ಷೆಯಲ್ಲಿ ಆ ಕೈಪಿಡಿಯನ್ನು ತೆರೆದು ನೋಡಬಹುದು, ಆದರೆ ಅದರಲ್ಲಿ ಪೆನ್ನು ಮುಟ್ಟಿಸಿರಬಾರದು. ಅದಕ್ಕೇ ಪರೀಕ್ಷೆಗೆಂದು ಅವಳ ತಂಡದವರಿಗೆ ಕೈಪಿಡಿ ಹೊಸದಾಗಿ ಅಚ್ಚಾಯಿತು. ಇನ್ನೂರು ಪ್ರತಿ. ಮಡಚಲು ಬಂದದ್ದು ನನ್ನ ಹತ್ತಿರವೇ.

ಚಾಳಿನಲ್ಲಿ ನೀರು ಬೆಳಿಗ್ಗೆ ಒಂದೇ ಗಂಟೆ ಹೊತ್ತು ಬರುತ್ತಿತ್ತು. ಪೈಪನ್ನು ಡ್ರಮ್ಮಿಗೆ ಬಿಟ್ಟು ಗೋಡೆಗೆ ಒರಗಿದವಳು ತೂಕಡಿಸಿದೆ. ಎಚ್ಚರವಾದಾಗ ಡ್ರಮ್ಮು ತುಂಬಿ ನೀರು ನೆಲದ ಮೇಲೆಲ್ಲ ಹರಿದಿತ್ತು. ಹನ್ನೊಂದನೆಯ ಫಾರಂನ ಕಟ್ಟು ಅಡಿಯಿಂದ ನೆನೆದು ಹೋಗಿತ್ತು. ನಲವತ್ತು ಹಾಳೆ.

ಬಸಣ್ಣನವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹತ್ತನೆಯ ಫಾರಂ ಅಚ್ಚಿನವರು ಹೆಚ್ಚಿಗೆ ಕಳಿಸಿದ್ದು ಸಾಕಷ್ಟಿತ್ತು. ಹನ್ನೊಂದರ ಜಾಗದಲ್ಲಿ ಹತ್ತನ್ನೇ ಇನ್ನೊಮ್ಮೆ ಇಟ್ಟೆ. ದಪ್ಪ ಅಷ್ಟೇ ಆಗುತ್ತದೆ. ಪ್ರತಿ ಫಾರಂನ ಬೆನ್ನಿಗೆ ಒಂದು ಕಪ್ಪು ಗುರುತು ಇರುತ್ತದೆ, ಎಲ್ಲ ಸರಿಯಾಗಿ ಜೋಡಿಸಿದರೆ ಆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಬಸಣ್ಣ ನೋಡುತ್ತಿದ್ದದ್ದು ಅದೊಂದನ್ನೇ. ನಾನು ಬ್ಲೇಡಿನಿಂದ ಹಳೆಯ ಗುರುತನ್ನು ಕೆರೆದು, ಕಪ್ಪು ಪೆನ್ನಿನಿಂದ ಹೊಸದನ್ನು ಬರೆದೆ. ನಲವತ್ತು ಸಲ. ಕೈ ತಪ್ಪಿ ಆದದ್ದು ನೀರು ಚೆಲ್ಲಿದ್ದು ಮಾತ್ರ, ಮಕ್ಕಳೇ. ಇದು ಕೈ ತಪ್ಪಿದ್ದಲ್ಲ.

ಪೂರಾ ಓದುವವರು ಯಾರೂ ಇಲ್ಲವಲ್ಲ, ಆ ಪುಟವೇ ಯಾರಿಗಾದರೂ ಬೇಕಾಗುತ್ತದೆಯೇ — ಹಾಗಂದುಕೊಂಡೆ.

ಪರೀಕ್ಷೆಗೆ ಎರಡು ದಿನ ಮುಂಚೆ ಸುರೇಖಾ ಪುಸ್ತಕ ತಂದಳು. ಕಂದು ಕಾಗದದ ಹೊದಿಕೆ ಹಾಕಿ ಹೆಸರು ಬರೆದಳು. ನಾನು ಒಮ್ಮೆ ತೆರೆದು ಅಂಕಿ ನೋಡಿದ್ದರೆ ಮುಗಿಯುತ್ತಿತ್ತು. ಇನ್ನೂರರಲ್ಲಿ ನಲವತ್ತು ಮಾತ್ರ, ಇವಳದು ಸರಿ ಇದ್ದೀತು ಎಂದು — ಇಲ್ಲ, ಹಾಗಲ್ಲ. ನೋಡಲು ಹೆದರಿದೆ. ನೋಡಿದರೆ ಹೇಳಬೇಕಾಗುತ್ತಿತ್ತು.

ಪರೀಕ್ಷೆ ಮುಗಿಸಿ ಬಂದವಳ ಮುಖ ಬಿಳಿಚಿತ್ತು. “ಅತ್ತಿ, ದೊಡ್ಡ ಪ್ರಶ್ನಿ ಫೈಲ್ ತಗದು ಓದೂದರ ಮ್ಯಾಲೆ ಬಂದಿತ್ರಿ. ನೂರಾ ಅರವತ್ತೈದನೇ ಪುಟ ಅಂತ ಕೊನೀಗೆ ಯಾದಿಯೊಳಗ ಐತಿ. ತಗದ್ರ ಆ ಪುಟಾನ ಇಲ್ಲ. ನೂರಾ ಅರವತ್ತಾದ ಮ್ಯಾಲೆ ಮತ್ತ ನೂರಾ ನಲವತ್ತೈದು. ಹುಡುಕಿ ಹುಡುಕಿ ವ್ಯಾಳ್ಯಾನ ಹೋತು.”

ಪುಸ್ತಕವನ್ನು ಟ್ರಂಕಿನ ಮೇಲಿಟ್ಟು ಮುಖ ತೊಳೆಯಲು ನಲ್ಲಿಗೆ ಹೋದಳು. ಜೋಡಣೆ ತಪ್ಪದಿರಲಿ ಎಂದು ಬಸಣ್ಣ ಕೊಟ್ಟಿದ್ದ ಒಂದು ನಮೂನೆಯ ಪ್ರತಿ ನನ್ನ ಹತ್ತಿರ ಇತ್ತು, ಪುಟಗಳೆಲ್ಲ ಸರಿ ಇದ್ದದ್ದು. ಅವಳ ಪುಸ್ತಕದ ಹೊದಿಕೆ ಬಿಚ್ಚಿ ಅದಕ್ಕೆ ಹಾಕಿದೆ. ಅವಳದನ್ನು ಸೀರೆಗಳ ಕೆಳಗೆ ತುರುಕಿದೆ. ಮಡಚುವುದರಲ್ಲಿ ಪಳಗಿದ ಕೈ — ಎರಡು ನಿಮಿಷವೂ ಆಗಲಿಲ್ಲ.

ಹೆದರಿಕೆಯಿಂದ ಎಂದು ಬರೆದರೆ ಅರ್ಧ ನಿಜ. ಮನೆಯಲ್ಲಿ ತಪ್ಪು ಮಾಡುವವಳು ಸೊಸೆ, ತಿದ್ದುವವಳು ಅತ್ತೆ — ಅದು ತಿರುಗುಮುರುಗಾಗುವುದನ್ನು ನನಗೆ ತಾಳಲು ಆಗಲಿಲ್ಲ. ಉಳಿದ ಅರ್ಧ ಇದು.

ಮಹೇಶ ಬಂದ. ಅವಳು ಹೇಳಿದ್ದನ್ನು ಕೇಳಿ ಪುಸ್ತಕ ತೆರೆದ. “ಇಲ್ಲೇ ಅದಾವಲ್ಲ. ನೂರಾ ಅರವತ್ತೊಂದು, ಅರವತ್ತೆರಡು… ನೋಡು, ಅರವತ್ತೈದು.”

ಅವಳು ಪುಟವನ್ನು ಬೆರಳಿಂದ ಮುಟ್ಟಿ ನೋಡಿದಳು. ಹಿಂದೆ ತಿರುವಿದಳು, ಮುಂದೆ ತಿರುವಿದಳು. ನನ್ನ ಕಡೆ ನೋಡಿದಳು. ನಾನು ಅಕ್ಕಿ ಆರಿಸುತ್ತಿದ್ದೆ.

“ಗಾಬರ್ಯಾಗ ಕಂಡಿಲ್ಲ ನಿನಗ” ಎಂದ ಮಹೇಶ, ಮೆತ್ತಗೆ.

“ಹೌದೇನೋ” ಎಂದಳು.

ಎರಡು ವಾರ ಬಿಟ್ಟು ಬಸಣ್ಣ ಬಂದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಕೆಲವರ ಪುಸ್ತಕ ಕ್ಲಾಸಿಗೆ ವಾಪಸು ಬಂದಿತ್ತಂತೆ. ಅವರು ಒಂದರ ಹೊಲಿಗೆ ಬಿಚ್ಚಿ ನೋಡಿದ್ದರು, ಪೆನ್ನಿನ ಗುರುತು ಕಂಡಿದ್ದರು.

“ಅಕ್ಕಾ, ಹಾಳಿ ಕೆಟ್ಟಿದ್ರ ಹೇಳಬೇಕಿತ್ತು. ಮತ್ತ ಛಾಪಿಸಿ ಕೊಡ್ತಿದ್ನಿ” ಎಂದರು. ಅಷ್ಟೇ. ಬೈಯಲಿಲ್ಲ. ನಾನು ಹೆದರಿದ್ದೆಲ್ಲ ಇಷ್ಟಕ್ಕೇ. ಹೊರಡುವಾಗ ತಿರುಗಿ ಕೇಳಿದರು: “ಪುಟ ಇಲ್ಲದವರಿಗೆ ಇನ್ನೊಮ್ಮೆ ಪರೀಕ್ಷಾ ತಗೊಳ್ತಾರಂತ. ನಿಮ್ಮ ಸೊಸೀ ಪುಸ್ತಕ ಸರಿ ಇತ್ತೋ ಇಲ್ಲೋ?”

“ಆಕೀದು ಸರಿ ಇತ್ರಿ” ಎಂದೆ.

ಇದನ್ನು ಇಷ್ಟು ವರ್ಷ ನನ್ನೊಳಗೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ನೀರು ಚೆಲ್ಲಿದ್ದನ್ನು ಮರೆಯಬಹುದು, ಪೆನ್ನಿನ ಗುರುತನ್ನೂ — ಆದರೆ ಆ ಮಾತು ಆಡುವಾಗ ಯಾರೂ ನನ್ನನ್ನು ಹೆದರಿಸಿರಲಿಲ್ಲ. ಬಾಗಿಲು ತೆರೆದಿತ್ತು, ನಾನೇ ಹಾಕಿದೆ.

ಸುರೇಖಾ ಫೇಲಾದಳು. ನಾಚಿಕೆಯಿಂದ ಆ ಕ್ಲಾಸಿನ ಕಡೆ ಮತ್ತೆ ಕಾಲಿಡಲಿಲ್ಲ, ಯಾರನ್ನೂ ಕೇಳಲಿಲ್ಲ. ನಾನು ಮುಚ್ಚಿಟ್ಟ ಪುಸ್ತಕವನ್ನು ಹರಿದು ಕಸದ ತೊಟ್ಟಿಗೆ ಹಾಕಿ ಬಂದೆ. ಆಮೇಲೆ ಶ್ರಾವಣಿ ಹುಟ್ಟಿದಳು, ಓಂಕಾರ, ನೀನು ಹುಟ್ಟಿದೆ. ಈಗ ಅವಳು ಪರೇಲಿನ ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಕೊಡುತ್ತಾಳೆ. ಅದು ಕೀಳು ಕೆಲಸ ಎಂದಲ್ಲ. ಅಲ್ಲಿ ಒಂದೊಂದು ಚೀಟಿಯನ್ನೂ ಮೂರು ಮೂರು ಸಲ ಓದಿ ನೋಡುತ್ತಾಳಂತೆ. ಜೊತೆಯವರು ನಗುತ್ತಾರಂತೆ. ಅವಳೇ ಹೇಳಿ ತಾನೂ ನಗುತ್ತಾಳೆ. ನನಗೆ ನಗಲು ಆಗುವುದಿಲ್ಲ.

ಹೋದ ವಾರ, ಶ್ರಾವಣಿ, ನೀನು ಕಾಲೇಜಿನ ಕೆಲಸಕ್ಕೆ ಅದೇ ಪೈಥಾನ್ ಬರೆಯುತ್ತ ಕೂತಿದ್ದೆ. ನಿನಗೆ ಪುಸ್ತಕವೇ ಬೇಕಿಲ್ಲ, ಎಲ್ಲ ಫೋನಿನಲ್ಲೇ ಇದೆ. ಅಮ್ಮ ಹಿಂದಿನಿಂದ ಬಗ್ಗಿ ನೋಡಿ, “ಇಲ್ಲಿ ಫೈಲ್ ತೆರದಿಲ್ಲಲ್ಲ ನೀನು” ಎಂದಳು. ಓಂಕಾರ, ನೀನು “ಮಮ್ಮಿ, ರೆಹನೇ ದೋ ನಾ, ತುಮಕೋ ಏ ಸಬ್ ನಹೀ ಆತಾ” ಎಂದೆ, ನಿನಗಿದೆಲ್ಲ ಬಾರದು ಬಿಡು ಎಂದು. ಅವಳು ಕೂಡಲೇ, “ಹೌದು ಬಿಡು, ನನಗ ಸರಿ ಕಂಡಿರಲಿಕ್ಕಿಲ್ಲ” ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನೀವಿಬ್ಬರೂ ಅವಳು ಹೇಳಿದ ಸಾಲಿನಲ್ಲೇ ತಪ್ಪು ಹಿಡಿದು ಸರಿ ಮಾಡಿದಿರಿ. ಅವಳಿಗೆ ಹೇಳಲಿಲ್ಲ. ನಿಮ್ಮನ್ನು ದೂರುತ್ತಿಲ್ಲ. ಹೇಳದೆ ಇರುವುದನ್ನು ಈ ಮನೆಗೆ ತಂದವಳು ನಾನು.

ನಿಮಗೆ ಕನ್ನಡ ಮಾತು ತಿಳಿಯುತ್ತದೆ, ಓದಲು ಬಾರದು. ಇದನ್ನು ನಿಮಗೆ ಓದಿ ಹೇಳಬೇಕಾದವಳು ನಿಮ್ಮ ಅಮ್ಮನೇ. ಪೆಟ್ಟಿಗೆಯಲ್ಲಿಟ್ಟು ಸತ್ತುಹೋದರೆ ಎಂದಾದರೂ ಅವಳೇ ಓದಿಯಾಳು, ನಾನು ಅವಳ ಮುಖ ನೋಡುವುದು ತಪ್ಪೀತು — ಬರೆಯಲು ಕೂತಾಗ ಹಾಗೇ ಯೋಚಿಸಿದ್ದೆ. ಬೇಡ. ಈ ಭಾನುವಾರ ಅವಳಿಗೆ ರಜೆ. ನಾನೇ ಅವಳ ಕೈಗೆ ಕೊಡುತ್ತೇನೆ, ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಅವಳು ಏನಂದರೂ ಕೇಳುತ್ತೇನೆ. ಏನೂ ಅನ್ನದಿದ್ದರೆ ಅದನ್ನೂ.

ನನಗೆ ಅವಳ ಸ್ವಭಾವ ಗೊತ್ತು. “ಹೋಗ್ಲಿ ಬಿಡ್ರಿ ಅತ್ತಿ, ಹಳೀ ಮಾತು” ಎಂದು ಇದನ್ನು ಹರಿದುಹಾಕಲು ಹೋದಾಳು. ಹರಿಯಲು ಬಿಡಬೇಡಿ. ಅವಳ ಕಣ್ಣು ಸರಿಯಾಗಿಯೇ ನೋಡಿತ್ತು ಎಂದು ಹೇಳುವ ಬೇರೆ ಯಾವ ಕಾಗದವೂ ಎಲ್ಲಿಯೂ ಇಲ್ಲ. ಈ ಪುಟಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.