ಬಾಗಿದ ತೆನೆ, ದೊಡ್ಡವ್ವನ ಕೈಗುಣ

ಬೀಜ ಎಷ್ಟೇ ಚೆನ್ನಾಗಿರಲಿ, ಬಿತ್ತುವವರ ಕೈಗುಣ ಚೆನ್ನಾಗಿರಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಹರಿಹರದ ಪಕ್ಕದ ನಮ್ಮ ಗುತ್ತೂರಿನಲ್ಲಿ ನನ್ನ ದೊಡ್ಡಪ್ಪನ ಹೆಂಡತಿ ದೊಡ್ಡವ್ವನ ಕೈಗುಣಕ್ಕೆ ಸಾಟಿ ಇರಲಿಲ್ಲ. ಮುಂಗಾರು ಬಿತ್ತನೆ ಶುರುವಾದರೆ ಅಕ್ಕಪಕ್ಕದ ಹೊಲದವರು ಅವಳನ್ನು ಕರೆದುಕೊಂಡು ಹೋಗಿ, ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಕಾಳು ಅವಳಿಂದಲೇ ಬಿಡಿಸುತ್ತಿದ್ದರು. ಬರುವಾಗ ಉಡಿಯಲ್ಲಿ ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ದಾವಣಗೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಚರ್ಚಾ ಸ್ಪರ್ಧೆಯಲ್ಲಿ ವಿಷಯದ ಪರವಾಗಿ ಮಾತಾಡು ಅಂದರೂ ಗೆಲ್ಲುತ್ತಿದ್ದೆ, ವಿರುದ್ಧ ಅಂದರೂ ಗೆಲ್ಲುತ್ತಿದ್ದೆ. ದೊಡ್ಡವ್ವ ನನ್ನನ್ನು ‘ಲಾಯರವ್ವ’ ಎಂದು ಕರೆಯುತ್ತಿದ್ದಳು. ಅದು ಹೊಗಳಿಕೆಯಲ್ಲ.

ಒಂದು ವರ್ಷ ನಮ್ಮ ಹೊಲದ ಬಿತ್ತನೆ ಮುಗಿಯುವ ಮೊದಲೇ ದೊಡ್ಡವ್ವನಿಗೆ ಜ್ವರ ಬಂತು. ಹುಣಸೆಮರದ ಕಡೆಯ ಕೊನೆಯ ಪಟ್ಟಿಗೆ ಜೋಳ ಬಿಟ್ಟವಳು ಅವಳ ಸೊಸೆ, ಅಂದರೆ ನನ್ನ ಅತ್ತಿಗೆ. ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ತೆನೆ ಬಂದಾಗ ಹೊಲವೆಲ್ಲ ನೆಟ್ಟಗೆ ನಿಂತಿತ್ತು. ಆ ಪಟ್ಟಿಯಲ್ಲಿ ಮಾತ್ರ ಇಪ್ಪತ್ತರಷ್ಟು ತೆನೆಗಳು ಛತ್ರಿಯ ಹಿಡಿಯ ಹಾಗೆ ಬಾಗಿ ನೆಲ ನೋಡುತ್ತಿದ್ದವು. ಕಾಳೇನೋ ತುಂಬಿತ್ತು. ಆದರೆ ಕಾಳನ್ನು ಯಾರು ನೋಡುತ್ತಾರೆ? ಹೊಸ ಸೊಸೆಯ ಕೈ ಸೊಟ್ಟ ಎಂದು ಓಣಿಯಲ್ಲಿ ತೀರ್ಮಾನವಾಯಿತು.

ದಸರಾ ರಜೆಗೆ ನಾನು ಊರಿಗೆ ಬರುವಷ್ಟರಲ್ಲಿ ಅತ್ತಿಗೆ ಬೀಜದ ಗಡಿಗೆ ಮುಟ್ಟುವಂತಿರಲಿಲ್ಲ, ಹಾಲಿಗೆ ಹೆಪ್ಪು ಹಾಕುವಂತಿರಲಿಲ್ಲ. “ಉಪ್ಪಿನಕಾಯಿ ಭರಣಿನೂ ಮುಟ್ಟಬ್ಯಾಡ ಅಂದಾರೆ. ಕಸಬರಿಗೆ ಒಂದು ಬಿಟ್ಟಾರೆ ನೋಡು” ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಎರಡು ಬಾಗಿದ ತೆನೆ ಕಿತ್ತುಕೊಂಡು ಹೋಗಿ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸಿದೆ. ಅವರು ಬೀರುವಿನಿಂದ ಒಂದು ಗಾಜಿನ ಪೆಟ್ಟಿಗೆ ತೆಗೆದರು. ಒಳಗೆ ಬಾರ್ಲಿ ತೆನೆಗಳು. ಬಾರ್ಲಿ ಎಂದರೆ ನಮಗೆ ಜ್ವರ ಬಂದವರ ಗಂಜಿ, ಅಷ್ಟೇ. ಅದಕ್ಕೂ ತೆನೆ ಇರುತ್ತದೆ ಎಂದು ಕಂಡದ್ದು ಅವತ್ತೇ. ಒಂದಕ್ಕೆ ಎರಡು ಸಾಲು ಕಾಳು, ಇನ್ನೊಂದಕ್ಕೆ ಆರು. ಮತ್ತೊಂದಕ್ಕೆ ಉದ್ದನೆಯ ಮುಳ್ಳಿನ ಜಾಗದಲ್ಲಿ ಪುಟ್ಟ ಕುಲಾವಿಯಂಥದ್ದು. ಎಲ್ಲವೂ ಒಂದೇ ಬೆಳೆ. ಯಾವತ್ತೋ ಒಂದು ಕಾಳಿನೊಳಗೆ ಸಣ್ಣದೊಂದು ಬದಲಾವಣೆಯಾಗಿ, ಅದು ಸಂತಾನಕ್ಕೆ ಇಳಿದು, ತೆನೆಯ ರೂಪವೇ ಬೇರೆಯಾಗಿದೆ ಎಂದರು. ನಮ್ಮ ಜೋಳದಲ್ಲೂ ಹಾಗೇ ಆಗಿರಬಹುದು. ಆ ಗುಣ ಒಳಗೇ ಅಡಗಿದ್ದ ತೆನೆಯೊಂದರ ಕಾಳು ಕೊನೆಯ ಪಟ್ಟಿಯ ಪಾಲಿಗೆ ಬಂದಿರಬಹುದು. ಅಥವಾ ಬೆಳೆಯುವಾಗ ಕತ್ತು ಗರಿಗೆ ಸಿಕ್ಕಿ ಬಾಗಿದ್ದೂ ಇರಬಹುದು. ಬಿತ್ತಿ ನೋಡದೆ ಯಾವುದನ್ನೂ ಹೇಳಬೇಡ ಎಂದು ಎಚ್ಚರಿಸಿಯೂ ಕಳಿಸಿದರು.

ನಾನು ಅವರ ಮಾತಿನ ಮೊದಲರ್ಧವನ್ನು ಮಾತ್ರ ಊರಿಗೆ ಒಯ್ದೆ. ಬಾಗಿದ ತೆನೆಗಳನ್ನು ಕೆಂಪು ದಾರದಲ್ಲಿ ಕಟ್ಟಿ ಜಂತಿಗೆ ತೂಗುಹಾಕಿಸಿ, ಮುಂದಿನ ಬಿತ್ತನೆಗೆ ದೊಡ್ಡವ್ವನ ಮುಂದೆ ಸವಾಲಿಟ್ಟೆ: ಬಾಗಿದ ತೆನೆಯ ಕಾಳನ್ನು ನೀನು ಬಿತ್ತು, ನೆಟ್ಟನೆಯದನ್ನು ಅತ್ತಿಗೆ ಬಿತ್ತಲಿ, ಅಕ್ಕಪಕ್ಕದ ಪಟ್ಟಿಗಳಲ್ಲಿ. ಸೊಟ್ಟ ಇರುವುದು ಕೈಯಲ್ಲೋ ಕಾಳಲ್ಲೋ ಹೊಲವೇ ಹೇಳುತ್ತದೆ.

ದೊಡ್ಡವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎಲೆಯಡಿಕೆ ಮೆಲ್ಲುತ್ತಾ, “ನನ್ನ ಕೈಯಾಗೆ ಬಿದ್ರೆ ಸೊಟ್ಟಂದೂ ನೆಟ್ಟಗಾಗತೈತೆ. ಬಾ, ನೋಡೇ ಬಿಡಾನ” ಅಂದಳು.

ಹೆದರಿದ್ದು ಅತ್ತಿಗೆ. ಹಿತ್ತಲಿಗೆ ಕರೆದು ಹೇಳಿದಳು: “ನೀ ಸೋತ್ರೆ ದಾವಣಗೆರೆ ಬಸ್ ಹತ್ತತೀಯ. ನಾ ಎಲ್ಲಿಗೆ ಹೋಗ್ಲಿ?”

ಮೇಷ್ಟ್ರು ಹೇಳಿದ ಇನ್ನರ್ಧ ಆಗ ನೆನಪಾಯಿತು. ಕತ್ತು ಗರಿಗೆ ಸಿಕ್ಕಿ ಬಾಗಿದ್ದಾದರೆ ಈ ವರ್ಷ ಎಲ್ಲ ತೆನೆಗಳೂ ನೆಟ್ಟಗೆ ಬರುತ್ತವೆ, ದೊಡ್ಡವ್ವನ ಕೈ ಗೆಲ್ಲುತ್ತದೆ, ಅತ್ತಿಗೆಯ ಕೈ ಶಾಶ್ವತವಾಗಿ ಸೊಟ್ಟವಾಗುತ್ತದೆ. ಆದರೂ ಹಿಂದೆ ಸರಿಯಲಿಲ್ಲ. ಪಂಥ ಹಾಕಿದವಳು ನಾನು, ಪಣಕ್ಕೆ ಬಿದ್ದವಳು ಅವಳು.

ಇಬ್ಬರೂ ಬಿತ್ತಿದರು. ಪಟ್ಟಿಗಳ ನಡುವೆ ನಾನು ಗುರುತಿಗೆ ಲಕ್ಕಿ ಗಿಡದ ಕಡ್ಡಿ ನೆಟ್ಟು ಕಾಲೇಜಿಗೆ ಹೋದೆ.

ಮುಂದಿನ ದಸರೆಗೆ ಬಂದವಳು ಚೀಲ ಇಟ್ಟು ನೇರ ಹೊಲಕ್ಕೆ ನಡೆದೆ. ದೊಡ್ಡವ್ವ, ಅತ್ತಿಗೆ ಹಿಂದೆ ಬಂದರು. ಅತ್ತಿಗೆಯ ಪಟ್ಟಿಯಲ್ಲಿ ಒಂದೇ ಒಂದು ಬಾಗಿದ ತೆನೆಯೂ ಇರಲಿಲ್ಲ. ದೊಡ್ಡವ್ವನದರಲ್ಲಿ ಮುಕ್ಕಾಲಿಗೂ ಹೆಚ್ಚು ಛತ್ರಿಹಿಡಿ. ನಡುವೆ ಕೆಲವು ನೆಟ್ಟಗಿದ್ದವು. ಹೋದ ವರ್ಷ ಹೂ ಬಿಡುವಾಗ ಪಕ್ಕದ ಗಿಡಗಳ ಪರಾಗ ಗಾಳಿಯಲ್ಲಿ ಬಂದು ಸೇರಿರುತ್ತದೆ ಎಂದು ನಾನು ಯಾರೂ ಕೇಳದಿದ್ದರೂ ವಿವರಿಸಿದೆ.

ದೊಡ್ಡವ್ವ ಕೇಳಿಸಿಕೊಳ್ಳಲಿಲ್ಲ. ಪಟ್ಟಿಯ ಆ ತುದಿಯವರೆಗೆ ನಡೆದು, ತೆನೆಗಳನ್ನು ಒಂದೊಂದಾಗಿ ಮುಟ್ಟುತ್ತಾ ವಾಪಸ್ ಬಂದಳು.

“ಹಂಗಾರೆ ಇವಳ ಕೈಯಾಗೆ ಏನೂ ಇಲ್ಲ.”

“ಏನೂ ಇಲ್ಲ.”

“ನನ್ನ ಕೈಯಾಗೂ?”

ಎದುರಾಳಿ ತಾನಾಗಿ ಒಪ್ಪಿಕೊಂಡಾಗ ಅಲ್ಲಿಗೆ ಬಿಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೈಗುಣವೇ ಇಲ್ಲವೆಂದಮೇಲೆ ಕೆಟ್ಟದ್ದೂ ಇಲ್ಲ, ಒಳ್ಳೆಯದೂ ಇಲ್ಲ ಎಂದೆ. ತರ್ಕದಲ್ಲಿ ತಪ್ಪಿರಲಿಲ್ಲ. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ನಡೆದಳು. ಸಂಜೆ ಸೊಸೆಯನ್ನು ಕರೆದು, “ಹೆಪ್ಪು ಹಾಕವ್ವ” ಅಂದಳು. ಅತ್ತಿಗೆಯ ಕಣ್ಣು ತುಂಬಿತು. ನಾನು ಗೆದ್ದಿದ್ದೆ, ಆದರೆ ಆ ರಜೆಯ ಉಳಿದ ದಿನಗಳಲ್ಲಿ ದೊಡ್ಡವ್ವ ನನ್ನನ್ನು ಒಮ್ಮೆಯೂ ಲಾಯರವ್ವ ಎನ್ನಲಿಲ್ಲ.

ಅದರ ಮುಂದಿನ ಮುಂಗಾರಿಗೆ ಪಕ್ಕದ ಹೊಲದಾಕೆ ವಾಡಿಕೆಯಂತೆ ಬಂದು, “ಬರ್ರಿ ಯಕ್ಕ, ಇವತ್ತು ಕೂರಿಗೆ ಹೂಡತಾರೆ” ಎಂದಳು. ದೊಡ್ಡವ್ವ ಏಳಲಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ, ಈಕೆ ಓದಿ ಬಂದು ಹೇಳಿದಾಳೆ ಎಂದು ಗದ್ದದಿಂದ ನನ್ನತ್ತ ತೋರಿಸಿದಳು. ಆಕೆ ನನ್ನನ್ನು ನೋಡಿದ ನೋಟ ಮರೆತಿಲ್ಲ. ನೆಲ ಬಿರಿಯಬಾರದೆ ಅನ್ನಿಸಿತು.

ಆಮೇಲೆ ದೊಡ್ಡವ್ವನೇ ಆಕೆಯನ್ನು ಕೇಳಿದಳು: “ಬೀಜಕ್ಕೆ ಇಟ್ಟ ತೆನೆ ಉಜ್ಜೀರೇನು?”

“ಇನ್ನೂ ಇಲ್ರಿ.”

“ತಗೊಂಬರ್ರಿ ಇಲ್ಲಿಗೆ.”

ತೆನೆ ಬಂದವು. ದೊಡ್ಡವ್ವ ಜಗಲಿಯ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ, ಕಾಳು ಹಿಸುಕಿ, ಕತ್ತು ನೋಡಿ, ಅರ್ಧದಷ್ಟನ್ನು ಅತ್ತ ಎಸೆದಳು. ಮೂವತ್ತು ವರ್ಷ ನಮ್ಮ ಮನೆಯಲ್ಲಿ ಅವಳು ಮಾಡುತ್ತಿದ್ದುದೂ ಇದನ್ನೇ. ನಮ್ಮ ಹೊಲದ ಹೆಸರು ನಿಂತದ್ದು ಈ ಕಣ್ಣಿನ ಮೇಲೆ. ಅವತ್ತು ಹೊಲದಲ್ಲಿ ಅವಳು ಕೇಳಿದ್ದಕ್ಕೆ ನಾನು ಕೊಡಬೇಕಿದ್ದ ಉತ್ತರ ಅದು. ನನಗೆ ಹೊಳೆದಿರಲಿಲ್ಲ.

“ಆರ್ಸೋದು ನಂದು. ಬಿಡೋದು ಯಾರ ಕೈಯಾದ್ರೇನು” ಎಂದು ದೊಡ್ಡವ್ವ ಸೊಸೆಯನ್ನು ಮುಂದೆ ಕಳಿಸಿದಳು. ಪಕ್ಕದ ಹೊಲದಾಕೆ ಅನುಮಾನಿಸುತ್ತಲೇ ಕರೆದೊಯ್ದಳು. ಆರಿಸಿದ ತೆನೆಯ ಬುಟ್ಟಿ ಹೊತ್ತು ಹಿಂದೆ ಹೋದವಳು ನಾನು. ದಾರಿಯಲ್ಲಿ ಬಾಯಿ ಬಿಡಬ್ಯಾಡ ಎಂದು ಅಪ್ಪಣೆಯಾಗಿತ್ತು.